ಹೆಸರು ಹೇಳದವರ ಸಭೆಗೆ ಹಾಜರಿ ಪುಸ್ತಕ

ಹೋದ ತಿಂಗಳು ನನ್ನ ಹಳೆಯ ಕಚೇರಿಗೆ ಹೊಸದಾಗಿ ಸೇರಿದ ಇಬ್ಬರು ಆಪ್ತಸಮಾಲೋಚಕರು ಮನೆಗೆ ಬಂದಿದ್ದರು. ಕುಡಿತ ಬಿಡಬೇಕೆನ್ನುವವರಿಗೆ ದಾರಿ ತೋರಿಸುವ ಕೆಲಸ ಅವರ ಪಾಲಿಗೆ ಬಂದಿದೆಯಂತೆ. "ನಿಮ್ಮ ಕಾಲದಾಗ ಇದನ್ನೆಲ್ಲ ಹೆಂಗ ಮಾಡ್ತಿದ್ರಿ, ಸರ?" ಎಂದು ಕೇಳಿದರು. ಒಂದು ಕಪ್ ಚಹಾ ಮುಗಿಯುವುದರೊಳಗೆ ಹೇಳುವ ಸಂಗತಿ ಅದಲ್ಲ. ಹೇಳಿದ್ದರೂ ನಾನು ಮಾಡಿದ ಎಡವಟ್ಟನ್ನು ಬಿಟ್ಟೇ ಹೇಳುತ್ತಿದ್ದೆ. ಎದುರಿಗೆ ಜನರಿದ್ದಾಗ ನನಗೆ ಆ ಚಾಳಿ ಇದೆ. ಅದಕ್ಕಾಗಿ ಬರೆಯುತ್ತಿದ್ದೇನೆ. ನಾನು ಯಾವಾಗ ಯಾವ ಹುದ್ದೆಗೆ ಏರಿದೆ ಎಂಬುದೆಲ್ಲ ಸೇವಾ ಪುಸ್ತಕದಲ್ಲಿದೆ. ಅಲ್ಲಿಯೂ ಅದನ್ನು ಯಾರೂ ಓದಿಲ್ಲ. ಇಲ್ಲಿ ಬರುವ ಹೆಸರುಗಳನ್ನೆಲ್ಲ ಬದಲಿಸಿದ್ದೇನೆ. ಯಾಕೆಂಬುದು ಮುಂದೆ ತಿಳಿಯುತ್ತದೆ.

ನಾನು ರಾಣೆಬೆನ್ನೂರಿನಲ್ಲಿ ಆರೋಗ್ಯ ಶಿಕ್ಷಕನಾಗಿದ್ದೆ. ಗೋಡೆಗಳ ಮೇಲೆ ಸೊಳ್ಳೆಯ ಚಿತ್ರ ಬರೆಸುವುದು, ಶಾಲೆಗಳಿಗೆ ಹೋಗಿ ಕೈ ತೊಳೆಯುವುದು ಹೇಗೆಂದು ತೋರಿಸುವುದು ನನ್ನ ಕೆಲಸ. ನಲ್ಲಿಯಲ್ಲಿ ನೀರು ಬಾರದ ದಿನ ಬರೀ ಕೈಯಲ್ಲಿ ಅಭಿನಯಿಸುತ್ತಿದ್ದೆ. ಸರ್ಕಾರ ಸಾರಾಯಿ ಅಂಗಡಿಗಳನ್ನು ಮುಚ್ಚಿಸಿದ ಹೊಸತರಲ್ಲಿ ನಮ್ಮ ಸಾಹೇಬರು ನನ್ನನ್ನು ಕರೆದರು. ಅವರು ಮೈಸೂರು ಕಡೆಯವರು. ಕಾಗದ ಪತ್ರಗಳಲ್ಲಿ ಬಹಳ ಶಿಸ್ತು. ಕಾಗದದ ಹೊರಗೆ ಏನಾದರೂ ನಡೆದರೆ ಅವರಿಗೆ ಸಿಟ್ಟು ಬರುತ್ತಿತ್ತು.

"ಸಾರಾಯಿ ಪಾಕೀಟೇ ಇಲ್ಲ ಅಂದ್ಮೇಲೆ ಕುಡುಕರು ಎಲ್ಲಿಂದ ಬರ್ತಾರ್ರೀ? ಆ ಫೈಲ್ ಕ್ಲೋಸ್ ಮಾಡಿ" ಎಂದರು.

ಮಾಡಿದೆ. ಫೈಲು ಮುಚ್ಚಿದ್ದು ಕುಡಿಯುವವರಿಗೆ ಗೊತ್ತಾಗಲಿಲ್ಲ. ಅವರು ಸಾರಾಯಿ ಅಂಗಡಿಯಿಂದ ನಾಲ್ಕು ಹೆಜ್ಜೆ ಮುಂದೆ ನಡೆದು ಬ್ರಾಂಡಿ ಅಂಗಡಿಗೆ ಹೋದರು. ಕೆಲವು ತಿಂಗಳಿಗೆ ಮೇಲಿನಿಂದ ಪತ್ರ ಬಂತು: ಕುಡಿತ ಬಿಟ್ಟವರು ತಾವೇ ಸೇರಿ ನಡೆಸುವ ಬಳಗಗಳನ್ನು ಗುರುತಿಸಿ, ರೋಗಿಗಳನ್ನು ಅಲ್ಲಿಗೆ ಕಳಿಸಿ, ಪ್ರತಿ ತಿಂಗಳು ವರದಿ ಕೊಡಿ ಎಂದು. ಹಳೆಯ ಫೈಲನ್ನೇ ಬಿಚ್ಚಿ ಹೊಸ ಲಾಡಿ ಕಟ್ಟಿದೆವು.

ಪತ್ರದ ಜೊತೆ ಟೈಪ್ ಮಾಡಿದ ಒಂದು ಪಟ್ಟಿಯಿತ್ತು. ಹಾವೇರಿಗೊಂದು, ಬ್ಯಾಡಗಿಗೊಂದು, ರಾಣೆಬೆನ್ನೂರಿಗೊಂದು ವಿಳಾಸ. ಹಾವೇರಿಯ ವಿಳಾಸ ಹಿಡಿದು ಹೋದರೆ ಅಲ್ಲೊಂದು ಹಿಟ್ಟಿನ ಗಿರಣಿ. ಸಭೆ ಎಲ್ಲಿ ನಡೆಯುತ್ತದೆ ಎಂದು ಕೇಳಿದೆ. ಮೈಯೆಲ್ಲ ಬೆಳ್ಳಗಾಗಿದ್ದ ಗಿರಣಿಯವರು ಮಷಿನ್ನಿನ ಸದ್ದಿನಲ್ಲಿ, "ಏನ ಬೀಸಬೇಕಿತ್ರಿ?" ಎಂದರು. ಬ್ಯಾಡಗಿಯ ವಿಳಾಸದಲ್ಲಿ 'ಬಸ್ ನಿಲ್ದಾಣದ ಹತ್ತಿರ' ಎಂದಷ್ಟೇ ಇತ್ತು. ನಿಲ್ದಾಣವನ್ನು ಮೂರು ಸುತ್ತು ಹಾಕಿದೆ. ಮೂರನೇ ಸುತ್ತಿನಲ್ಲಿ ಕಂಟ್ರೋಲರ್ ನನ್ನನ್ನು ಕರೆದು, "ಎಲ್ಲಿಗೆ ಹೋಗಬೇಕಂತ ನಿಮಗರ ಗೊತ್ತೈತೇನ್ರಿ?" ಎಂದು ಕೇಳಿದರು. ರಾಣೆಬೆನ್ನೂರಿನದು ಮಾತ್ರ ಬಾಗಿಲ ನಂಬರಿನ ಸಮೇತ ಸರಿಯಾಗಿತ್ತು. ಬಾಗಿಲು ತೆರೆದವರಿಗೆ ಪಟ್ಟಿಯಲ್ಲಿದ್ದ ಹೆಸರು ಹೇಳಿದೆ.

"ಅಪ್ಪಾರು ಬಿಟ್ಟು ಆರು ವರ್ಷ ಆತ್ರಿ" ಎಂದರು.

ನನಗೆ ಬಹಳ ಸಂತೋಷವಾಯಿತು. "ಕುಡಿಯೋದು ಬಿಟ್ಟು?" ಎಂದೆ.

"ಇಲ್ರಿ, ನಮ್ಮನ್ನ."

ಪಟ್ಟಿಯನ್ನು ಮಡಚಿ ಕಿಸೆಗೆ ಹಾಕಿಕೊಂಡೆ. ಆಮೇಲೆ ಬಾಯಿಂದ ಬಾಯಿಗೆ ಕೇಳುವುದೊಂದೇ ಉಳಿಯಿತು. ರೈಲು ನಿಲ್ದಾಣದ ಎದುರಿನ ಚಹಾದ ಅಂಗಡಿಯಲ್ಲಿ, "ಕುಡಿಯೋದು ಬಿಟ್ಟೋರು ಎಲ್ಲಿ ಕೂಡತಾರ್ರಿ?" ಎಂದು ಕೇಳಿದರೆ ಅಂಗಡಿಯವರು ಬಹಳ ಹೊತ್ತು ಯೋಚಿಸಿ, "ಅಂಥೋರನ್ನ ನಾ ನೋಡಿಲ್ರಿ. ಕುಡಿಯೋರು ಬೇಕಾದ್ರ ತೋರಸ್ತೇನಿ" ಎಂದರು. ಕೊನೆಗೆ ಖಚಿತವಾದ ವಿಳಾಸ ಕೊಟ್ಟಿದ್ದು ಬ್ರಾಂಡಿ ಅಂಗಡಿಯ ಗಲ್ಲೆಯ ಮೇಲೆ ಕುಳಿತಿದ್ದವರು. ಅವರಿಗೆ ಆ ಬಳಗದ ಮೇಲೆ ಮೊದಲಿನಿಂದಲೂ ಒಂದು ಕಣ್ಣಿತ್ತು.

"ಹಳೇ ಟೈಪಿಂಗ್ ಕ್ಲಾಸ್ ಇತ್ತಲ್ರಿ, ಅದರ ಹಿಂದಿನ ಖೋಲಿ. ಐತವಾರ ನಾಕು ಗಂಟೆಕ್ಕ. ನಮ್ಮ ಖಾಯಂ ಗಿರಾಕಿ ಏಳು ಮಂದಿ ಅಲ್ಲೇ ಹೋಗಿ ಕುಂತಾರ" ಎಂದರು. ಆಮೇಲೆ "ನೀವೂ ಹೊಂಟ್ರೇನು?" ಎಂದು ಬೇಸರದಿಂದ ಕೇಳಿದರು. ನಾನು ಅವರ ಅಂಗಡಿಯ ಮೆಟ್ಟಿಲು ಹತ್ತಿದ್ದು ಅದೇ ಮೊದಲು.

ಹೊಸಬರು ಇದೊಂದನ್ನು ಗಮನಿಸಬೇಕು. ಕುಡಿತ ಬಿಟ್ಟವರು ಎಲ್ಲಿದ್ದಾರೆಂಬುದು ನಮ್ಮ ಇಡೀ ಕಚೇರಿಗೆ ಗೊತ್ತಿರಲಿಲ್ಲ. ಮಾರುವವರಿಗೆ ವಾರ, ಗಂಟೆಗಳ ಸಮೇತ ಗೊತ್ತಿತ್ತು.

ಭಾನುವಾರ ನಾಲ್ಕಕ್ಕೆ ಹೋದೆ. ಗೋಡೆಗುಂಟ ಬಟ್ಟೆ ಹೊದಿಸಿಟ್ಟ ಹಳೆಯ ಟೈಪ್‌ರೈಟರ್‌ಗಳು, ನಡುವೆ ವೃತ್ತಾಕಾರದಲ್ಲಿ ಹತ್ತು ಹನ್ನೆರಡು ಕುರ್ಚಿ. ಸಭೆ ನಡೆಸುತ್ತಿದ್ದವರು ಮೌಲಾಸಾಬ. ಸುಟ್ಟುಹೋದ ಪಂಪ್‌ಸೆಟ್ ಮೋಟರುಗಳಿಗೆ ತಂತಿ ಸುತ್ತುವ ಕೆಲಸ ಅವರದು. ಬೆರಳ ತುದಿಗಳೆಲ್ಲ ಕಪ್ಪಾಗಿದ್ದವು. ಹನ್ನೊಂದು ವರ್ಷದಿಂದ ಮುಟ್ಟಿರಲಿಲ್ಲ ಎಂದು ಆಮೇಲೆ ತಿಳಿಯಿತು.

"ಬರ್ರಿ, ಕುಂದ್ರಿ" ಎಂದು ಕುರ್ಚಿ ಎಳೆದರು.

"ನಾನು ಕುಡಿಯಂಗಿಲ್ರಿ. ಕಚೇರಿಯಿಂದ ಬಂದೇನಿ" ಎಂದೆ.

ಕುಳಿತಿದ್ದವರೆಲ್ಲ ನನ್ನನ್ನು ಕನಿಕರದಿಂದ ನೋಡಿದರು.

"ಮೊದಲ ದಿನ ಎಲ್ಲಾರೂ ಹಂಗ ಅಂತಾರ್ರಿ" ಎಂದರು ಮೌಲಾಸಾಬ. "ನಾ ಎರಡು ತಿಂಗಳ ಅಂದೆ."

"ಖರೇನ ಹೇಳಾಕತ್ತೇನ್ರಿ. ಒಂದು ಹನಿ ಮುಟ್ಟಿಲ್ಲ."

"ಇವತ್ತ ಮುಟ್ಟಿಲ್ಲ ಅಲ್ಲ? ನಮಗಷ್ಟ ಸಾಕು. ನಾಳಿಂದು ನಾಳಿಗೆ ನೋಡೋಣಂತ."

ಗುರುತಿನ ಚೀಟಿ ತೋರಿಸಿದೆ. ಪಕ್ಕದಲ್ಲಿದ್ದ ಒಬ್ಬರು ತಮ್ಮ ಗುರುತಿನ ಚೀಟಿ ತೆಗೆದು ತೋರಿಸಿದರು. ಅವರು ನನಗಿಂತ ಮೇಲಿನ ದರ್ಜೆಯ ನೌಕರರು. ಎಳೆದಿಟ್ಟ ಕುರ್ಚಿಯಲ್ಲಿ ಕುಳಿತೆ.

ಮೂರು ಭಾನುವಾರ ಹಾಗೆಯೇ ಹೋಗಿಬಂದೆ. ಆ ವಾರ ಪಕ್ಕದ ಮನೆಯ ಹಿರಿಯರೊಬ್ಬರು ನನ್ನ ಹೆಂಡತಿಗೆ, "ನಿಮ್ಮ ಯಜಮಾನ್ರು ಬಿಡಾಕ ಮನಸ್ಸು ಮಾಡ್ಯಾರಂತ. ಚಲೋ ಆತ ಬಿಡವಾ" ಎಂದರಂತೆ. ನನ್ನವಳು ಸಂಜೆ ನನ್ನೆದುರು ಕುಳಿತು, "ಹಿಡದದ್ದು ಯಾವಾಗ?" ಎಂದು ಶಾಂತವಾಗಿ ಕೇಳಿದಳು. ಇಪ್ಪತ್ತೇಳು ವರ್ಷದ ಸಂಸಾರದಲ್ಲಿ ನಾನು ಉತ್ತರ ಹುಡುಕಲು ಇಷ್ಟು ಒದ್ದಾಡಿದ್ದಿಲ್ಲ.

ಬಳಗದಲ್ಲಿ ಯಾರೂ ಮನೆತನದ ಅಡ್ಡಹೆಸರು ಹೇಳುವುದಿಲ್ಲ, ಯಾರೂ ಯಾರನ್ನೂ ಬರೆದುಕೊಳ್ಳುವುದಿಲ್ಲ, ಒಳಗೆ ಕೇಳಿದ್ದನ್ನು ಹೊರಗೆ ಆಡುವುದಿಲ್ಲ. ಇದನ್ನು ಸಾಹೇಬರಿಗೆ ವಿವರಿಸಿದಾಗ ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಏನ್ರೀ ಇದು, ಹೆಸರಿಲ್ಲದ ಸಭೆ ಅಂದ್ರೆ? ಹಾಜರಿ ಪುಸ್ತಕ ಇಲ್ವಾ?"

"ಇಲ್ಲ ಸರ್."

"ಬ್ಯಾನರ್?"

"ಇಲ್ಲ ಸರ್."

"ಉದ್ಘಾಟನೆ ಆದ್ರೂ ಯಾರ ಕೈಲಿ ಮಾಡ್ಸಿದ್ರು?"

ಉದ್ಘಾಟನೆಯೇ ಆಗದೆ ಹನ್ನೊಂದು ವರ್ಷಕ್ಕೂ ಮೇಲೆ ಒಂದು ಸಭೆ ನಡೆಯುತ್ತಿದೆ ಎಂದರೆ ಅವರಿಗೆ ನಂಬಿಕೆ ಬರಲಿಲ್ಲ. ತಾವೇ ಒಂದು ನಮೂನೆ ತಯಾರಿಸಿದರು. ಅದರಲ್ಲಿ ಬಂದವರ ಹೆಸರು, ತಂದೆಯ ಹೆಸರು, ಉದ್ಯೋಗ, ವಿಳಾಸ. ಆಮೇಲೆ ಪೂರ್ಣ ಬಿಟ್ಟವರು, ಅರ್ಧ ಬಿಟ್ಟವರು ಎಂದು ಎರಡು ಕಲಮು. ಪ್ರತಿ ತಿಂಗಳು ಇಂತಿಷ್ಟು ಜನ ಬಿಡಲೇಬೇಕೆಂದು ಗುರಿ. ನಾನು ಮೂರು ತಿಂಗಳು ಖಾಲಿ ನಮೂನೆ ಕೊಟ್ಟೆ. ನಾಲ್ಕನೇ ತಿಂಗಳಿಗೆ ನೋಟಿಸ್ ಬರುತ್ತದೆಂದು ಗುಮಾಸ್ತರು ಎಚ್ಚರಿಸಿದರು.

ಅಷ್ಟರಲ್ಲಿ ಬ್ಯಾಡಗಿಯಿಂದ ಶಾಂತವ್ವ ತನ್ನ ಗಂಡನನ್ನು ಕರೆದುಕೊಂಡು ಬಂದಿದ್ದಳು. ಚನ್ನಬಸಪ್ಪ ಮೆಣಸಿನಕಾಯಿ ದಲಾಲಿ ಅಂಗಡಿಯೊಂದರಲ್ಲಿ ತೂಕದವ. ಹೊಟ್ಟೆನೋವೆಂದು ಬಂದವರನ್ನು ಡಾಕ್ಟರು ನನ್ನ ಕೋಣೆಗೆ ಕಳಿಸಿದ್ದರು. ಆತ ತಲೆ ಬಗ್ಗಿಸಿ ಕುಳಿತಿದ್ದ. ಮಾತೆಲ್ಲ ಆಕೆಯದೇ.

"ಇವರಿಗೆ ಗುಳಿಗಿ ಬ್ಯಾಡ್ರಿ ಸರ. ಗುಳಿಗಿ ನುಂಗಿ ಅದರ ಮ್ಯಾಲ ಕುಡೀತಾರ. ಬಿಟ್ಟೋರು ಕೂಡೋ ಜಾಗಾ ಐತೆಂತ ಕೇಳೇನಿ. ಅದನ್ನ ತೋರಸ್ರಿ."

"ದೊರಿಗಿ ಗೊತ್ತಾದ್ರ ತಕ್ಕಡಿ ಕಸಗೋತಾರ್ರಿ" ಎಂದ ಚನ್ನಬಸಪ್ಪ. ದೊರೆ ಎಂದರೆ ಅಂಗಡಿಯ ಮಾಲೀಕರು. "ಕುಡುಕನ ತೂಕ ಯಾವ ರೈತ ನಂಬ್ತಾನ?"

"ಅಲ್ಲಿ ಹೆಸರು ಯಾರೂ ಬರಕೊಳ್ಳಂಗಿಲ್ಲ" ಎಂದು ನಾನು ಮಾತು ಕೊಟ್ಟೆ. ಹಾಗೆಂದದ್ದು ನಾನೇ. ಇದನ್ನು ಒತ್ತಿ ಬರೆಯುತ್ತಿದ್ದೇನೆ.

ಪ್ರತಿ ಭಾನುವಾರ ಇಬ್ಬರೂ ಬ್ಯಾಡಗಿಯಿಂದ ಬಸ್ಸಿಗೆ ಬರತೊಡಗಿದರು. ಆತ ಒಳಗೆ, ಆಕೆ ಹೊರಗೆ ಮೆಟ್ಟಿಲ ಮೇಲೆ. ಎರಡನೇ ವಾರಕ್ಕೆ ಆಕೆ ಮೌಲಾಸಾಬರನ್ನು ತಡೆದು ಕೇಳಿದಳು: "ಅಣ್ಣಾರ, ಅವರಿಗೆ ಸಭಾ ಐತಿ. ನಮಗ?" ಮುಂದಿನ ವಾರದಿಂದ ಮೌಲಾಸಾಬರ ಹೆಂಡತಿಯೂ ಬಂದು ಮೆಟ್ಟಿಲ ಮೇಲೆ ಕುಳಿತರು. ತಿಂಗಳಲ್ಲಿ ಐದಾರು ಹೆಂಗಸರಾದರು. ಒಳಗಿನ ಸಭೆ ಸರಿಯಾಗಿ ಒಂದು ಗಂಟೆಗೆ ಮುಗಿಯುತ್ತಿತ್ತು; ಹೊರಗಿನದು ಮುಗಿಯದೆ ಗಂಡಸರು ಚಪ್ಪಲಿ ಮೆಟ್ಟಿಕೊಂಡು ಕಾಯುತ್ತಿದ್ದರು.

ಚನ್ನಬಸಪ್ಪ ಬಿಟ್ಟ. ಒಂದು ತಿಂಗಳು, ಎರಡು, ಮೂರು. ಮುಖದ ಊತ ಇಳಿಯಿತು. ಕೈ ನಡುಗುವುದು ನಿಂತ ಮೇಲೆ ತನ್ನ ತೂಕದ ಬಗ್ಗೆ ಒಳಗೆ ಸಣ್ಣ ಹೆಮ್ಮೆಯಿಂದ ಮಾತಾಡಿದ.

ಆ ಹೊತ್ತಿಗೆ ನಾನು ಹೆಸರು ಬರೆದೆ. ನೋಟಿಸಿನ ಹೆದರಿಕೆ ಒಂದು. ಇನ್ನೊಂದು, ನಮ್ಮ ಕಚೇರಿಯ ವರದಿಗಳನ್ನು ಯಾರೂ ಓದುವುದಿಲ್ಲ ಎಂಬ ನಂಬಿಕೆ. ಆ ನಂಬಿಕೆಯ ಮೇಲೆಯೇ ನಾನು ಅಷ್ಟು ವರ್ಷ ನೌಕರಿ ಮಾಡಿದ್ದೆ. ಒಂದು ಮಧ್ಯಾಹ್ನ ನೆನಪಿನಿಂದ ಒಂಬತ್ತು ಹೆಸರುಗಳನ್ನು ಉದ್ಯೋಗ, ಊರುಗಳ ಸಮೇತ ನಮೂನೆಯಲ್ಲಿ ತುಂಬಿ, ಎಲ್ಲರನ್ನೂ 'ಪೂರ್ಣ ಬಿಟ್ಟವರು' ಕಲಮಿಗೆ ಹಾಕಿದೆ. ನಾನು ಬರೆದ ವರದಿಗಳಲ್ಲಿ ಸಾಹೇಬರು ಪೂರ್ತಿ ಓದಿದ್ದು ಅದೊಂದನ್ನೇ.

ಮುಂದಿನ ತಿಂಗಳು ಬ್ಯಾಡಗಿಯ ಒಂದು ಕಲ್ಯಾಣ ಮಂಟಪದಲ್ಲಿ ನಮ್ಮ ಆರೋಗ್ಯ ಮೇಳ ನಡೆಯಿತು. ಕುರ್ಚಿಗಳು ಖಾಲಿ ಕಾಣಬಾರದೆಂದು ದಲಾಲಿ ಅಂಗಡಿಗಳವರಿಗೆ ತಮ್ಮ ಆಳುಗಳ ಸಮೇತ ಬರಲು ಹೇಳಲಾಗಿತ್ತು. ಚನ್ನಬಸಪ್ಪ ನಾಲ್ಕನೇ ಸಾಲಿನಲ್ಲಿ ತನ್ನ ದೊರೆಯ ಹಿಂದೆ ಕುಳಿತಿದ್ದ. ನಾನು ಮೈಕಿನ ವೈರು ಹಿಡಿದು ವೇದಿಕೆಯ ಪಕ್ಕ ನಿಂತಿದ್ದೆ. ಸಾಹೇಬರು ಭಾಷಣದ ಕೊನೆಗೆ ಕಿಸೆಯಿಂದ ಒಂದು ಚೀಟಿ ತೆಗೆದರು.

"ಈಗ ಕುಡಿತದ ಚಟದಿಂದ ಹೊರಬಂದ ಇದೇ ಊರಿನ ಧೀರರೊಬ್ಬರನ್ನು ಸನ್ಮಾನಿಸುತ್ತೇವೆ. ಶ್ರೀ ಚನ್ನಬಸಪ್ಪನವರು, ತೂಕದವರು."

ಅಂಗಡಿಯ ಹೆಸರನ್ನೂ ಓದಿದರು. ನಾನು ಬರೆದದ್ದನ್ನು ಒಂದಕ್ಷರ ಬಿಡದೆ ಓದಿದರು. ದೊರೆ ಕುರ್ಚಿಯಲ್ಲೇ ಹಿಂದಕ್ಕೆ ತಿರುಗಿ ನೋಡಿದರು. ಚಪ್ಪಾಳೆ ಬಿತ್ತು. ಚನ್ನಬಸಪ್ಪ ಎದ್ದು ನಿಂತ. ವೇದಿಕೆಯ ಕಡೆ ಬರುತ್ತಾನೆಂದು ಎಲ್ಲರೂ ದಾರಿ ಬಿಟ್ಟರು. ಆತ ನನ್ನನ್ನೊಮ್ಮೆ ನೋಡಿ, ತಿರುಗಿ ಬಾಗಿಲ ಕಡೆ ನಡೆದ. ನನ್ನ ಕೈಯಲ್ಲಿ ವೈರು ಹಾಗೆಯೇ ಇತ್ತು. ತಂದ ಶಾಲು ಉಳಿಯಿತೆಂದು ಅದನ್ನು ವೇದಿಕೆಯ ಮೇಲಿದ್ದ ಸ್ಥಳೀಯ ಮುಖಂಡರೊಬ್ಬರಿಗೆ ಹೊದಿಸಿದರು. ಅವರು ಬಿಟ್ಟಿರಲಿಲ್ಲ.

ಅದೇ ಮಧ್ಯಾಹ್ನ ಚನ್ನಬಸಪ್ಪ ಕುಡಿದ. ಮರುದಿನ ದೊರೆ ಆತನನ್ನು ತಕ್ಕಡಿಯಿಂದ ತೆಗೆದು ಚೀಲ ಹೊಲಿಯಲು ಹಾಕಿದರು. ಅವರು ಸಿಟ್ಟಿನ ಮನುಷ್ಯರಲ್ಲ. ಆತ ಹೇಳಿದ್ದ ಮಾತನ್ನೇ ಅವರೂ ಹೇಳಿದರಂತೆ, ರೈತರು ನಂಬುವುದಿಲ್ಲ ಎಂದು.

ಎರಡು ದಿನ ಬಿಟ್ಟು ಶಾಂತವ್ವ ನನ್ನ ಕೋಣೆಗೆ ಬಂದಳು. ಬಯ್ಯುತ್ತಾಳೆಂದು ಎದ್ದು ನಿಂತೆ. ಬಯ್ದಿದ್ದರೆ ಹಗುರಾಗುತ್ತಿತ್ತು.

"ಆ ಬುಕ್ಕಿನ್ಯಾಗ ಇವರು ಬಿಟ್ಟಾರಂತ ಬರದೀರಲ್ಲ ಸರ. ಮತ್ತ ಹಿಡದಾರ, ಅದನ್ನೂ ಬರೀರಿ" ಎಂದಳು. ಅಷ್ಟು ಹೇಳಿ ಹೋದಳು.

ಆ ಭಾನುವಾರ ಸಭೆಗೆ ಹೋದೆ. ನನ್ನ ಸರದಿ ಬಂದಾಗ ಹೇಳಿದೆ: ನಾನು ಕುಡಿಯುವವನಲ್ಲ, ಇದು ನಿಜ, ನಿಮ್ಮ ಒಂಬತ್ತು ಜನರ ಹೆಸರು ಬರೆದು ಕಚೇರಿಗೆ ಕೊಟ್ಟೆ, ಇದೂ ನಿಜ. ನೋಟಿಸಿಗೆ ಹೆದರಿ ಬರೆದೆ. ಟೈಪ್‌ರೈಟರಿನ ಹೊದಿಕೆಗಳ ಕಡೆ ನೋಡುತ್ತ ಮಾತು ಮುಗಿಸಿದೆ. ಗುರುತಿನ ಚೀಟಿ ತೋರಿಸಿದ್ದ ನೌಕರರು ಎದ್ದು ಹೊರಗೆ ಹೋದರು. ಅವರು ಮತ್ತೆಂದೂ ಬರಲಿಲ್ಲ. ಉಳಿದವರಲ್ಲಿ ಯಾರೂ ಪರವಾಗಿಲ್ಲ ಎನ್ನಲಿಲ್ಲ.

ಮೌಲಾಸಾಬ ನೆಲ ನೋಡುತ್ತ, "ಈಗ ಚನ್ನಬಸಪ್ಪಾರಿಗೆ ಏನ ಮಾಡ್ತೀರಿ?" ಎಂದರು.

"ಗೊತ್ತಿಲ್ರಿ."

"ಗೊತ್ತಿಲ್ಲ ಅಂದ್ರ ಮುಂದಿನ ವಾರನೂ ಬರ್ರಿ."

ಕಚೇರಿಯ ಕಡೆಯ ಕೆಲಸ ಸುಲಭವಿತ್ತು. ಆ ಪುಟವನ್ನು ನಾನೇ ಕೇಳಿ ತೆಗೆದುಕೊಂಡು ಹರಿದೆ. ಮುಂದಿನ ವರದಿಯಲ್ಲಿ 'ಬಂದವರು ಎಂಟು, ಹೆಸರು ಗೊತ್ತಿಲ್ಲ' ಎಂದು ಬರೆದೆ. ನೋಟಿಸ್ ಬಂತು. ಗೊತ್ತಿಲ್ಲದವರ ಹೆಸರು ಗೊತ್ತಿಲ್ಲವೆಂದು ಬರೆಯುವುದು ಹೇಗೆ ಕರ್ತವ್ಯಲೋಪವಾಗುತ್ತದೆ ಎಂದು ಉತ್ತರ ಕೊಟ್ಟೆ. ಅದಕ್ಕೆ ವಿವರಣೆ ಕೇಳಿದರು. ವಿವರಣೆಗೆ ಸ್ಪಷ್ಟನೆ ಕೇಳಿದರು. ಹೀಗೆ ಹದಿನಾಲ್ಕು ಕಾಗದಗಳಾದವು. ಅಷ್ಟರಲ್ಲಿ ಸಾಹೇಬರಿಗೆ ವರ್ಗವಾಯಿತು. ಹೊಸಬರಿಗೆ ಸೊಳ್ಳೆಮರಿ ತಿನ್ನುವ ಮೀನುಗಳ ಮೇಲೆ ಆಸಕ್ತಿ. ಇಷ್ಟು ವರ್ಷ ಹೆದರಿದ್ದ ನೋಟಿಸ್ ನನಗೇನೂ ಮಾಡದೆ ಬಂದು ಹೋಯಿತು.

ಚನ್ನಬಸಪ್ಪನ ಕೆಲಸ ಸುಲಭವಿರಲಿಲ್ಲ. ದೊರೆಯ ಬಳಿ ಹೋಗಿ ಮಾತಾಡಿದೆ. "ನೀವು ಹೇಳಿ ಮಾಡಿದ್ದು ಸಾಕಾತ್ರಿ" ಎಂದರು. ನ್ಯಾಯವಾಗಿತ್ತು. ಆತನ ಮನೆಗೆ ಹೋದೆ. ಹಿಂದಿನ ಬಾಗಿಲಿಂದ ಎದ್ದು ಹೋದ. ಆದರೆ ಆ ಮುಂದಿನ ಭಾನುವಾರ ಶಾಂತವ್ವ ಒಬ್ಬಳೇ ಬಸ್ಸಿಳಿದು ಬಂದು ಮೆಟ್ಟಿಲ ಮೇಲೆ ಕುಳಿತಳು. ನನ್ನೊಂದಿಗೆ ಮಾತಾಡಲಿಲ್ಲ. ಯಾರೋ, "ಅವರು ಬರಲಿಲ್ಲೇನವಾ?" ಎಂದರು.

"ಅವರು ಬರದಿದ್ರ ನಾ ಯಾಕ ಬಿಡ್ಲಿ? ಹತ್ತು ವರ್ಷ ಅವರ ಹಿಂದ ಓಡೇನಿ. ವಾರಕ್ಕ ಒಂದು ತಾಸು ನನಗೂ ಇರ್ಲಿ" ಎಂದಳು.

ಹಾಗೆ ಒಂಬತ್ತು ವಾರ ಆಕೆಯೊಬ್ಬಳೇ ಬಂದಳು. ಹೊಸದಾಗಿ ಬಂದ ಹೆಂಗಸರಿಗೆ, ಗಂಡ ಕುಡಿದಾಗ ಮಾಲೀಕರಿಗೆ ಸುಳ್ಳು ಹೇಳಿ ರಜೆ ಕೇಳುವುದನ್ನು ನಿಲ್ಲಿಸಿ ಎಂದು ಹೇಳುತ್ತಿದ್ದಳು. ಆ ಸುಳ್ಳುಗಳನ್ನು ಹೇಳುವುದರಲ್ಲಿ ತಾನೆಷ್ಟು ಪಳಗಿದ್ದೆ ಎಂದು ಹೇಳಿ ಅವರನ್ನು ನಗಿಸುತ್ತಿದ್ದಳು. ಮೆಟ್ಟಿಲ ಮೇಲಿನ ನಗೆ ಒಳಗೆ ಕೇಳಿ ಗಂಡಸರು ಮಾತು ನಿಲ್ಲಿಸುತ್ತಿದ್ದರು.

ಹತ್ತನೆಯ ವಾರ ಸಭೆ ಅರ್ಧವಾಗಿತ್ತು. ಚನ್ನಬಸಪ್ಪ ಬಾಗಿಲಲ್ಲಿ ಬಂದು ನಿಂತ. ಗಡ್ಡ ಬೆಳೆದಿತ್ತು, ಅಂಗಿಯ ತುಂಬ ಕೆಂಪು ಧೂಳು. ಅಂಗಡಿಯಲ್ಲಿ ಅರ್ಧ ದಿನದ ಕೆಲಸ ಮುಗಿಸಿ ಮನೆಗೆ ಹೋದರೆ ಬೀಗ ಹಾಕಿತ್ತಂತೆ. ಶಾಂತವ್ವ ಅಂದು ಕೀಲಿಯನ್ನು ನೆರೆಯವರಲ್ಲಿ ಕೊಡದೆ ಸೆರಗಿಗೆ ಕಟ್ಟಿಕೊಂಡು ಬಂದಿದ್ದಳು. ಮರೆತು ಬಂದಳೋ ಬೇಕೆಂದೇ ಬಂದಳೋ ಎಂದು ನಾನು ಈವರೆಗೂ ಕೇಳಿಲ್ಲ.

"ಮನಿ ಕೀಲಿ ಬೇಕಾಗಿತ್ರಿ" ಎಂದ, ಯಾರನ್ನೂ ನೋಡದೆ.

"ಹೆಣ್ಣಮಕ್ಕಳ ಸಭಾ ಇನ್ನೂ ಮುಗದಿಲ್ಲ. ನಡಕ ಏಳ್ಸಿದ್ರ ನಮಗ ಬಯ್ತಾರ" ಎಂದರು ಮೌಲಾಸಾಬ. "ಕೀಲಿ ಸಿಗೂತನಕ ಒಳಗ ಕುಂದ್ರಿ. ಕುರ್ಚಿ ಖಾಲಿ ಐತಿ."

ಖಾಲಿ ಇದ್ದದ್ದು ನನ್ನ ಪಕ್ಕದ ಕುರ್ಚಿ. ಆತ ಸ್ವಲ್ಪ ಹೊತ್ತು ನಿಂತು ನೋಡಿದ. ಬಂದು ಕುಳಿತ. ನಾನು ಏನೋ ಹೇಳಲು ಬಾಯಿ ತೆರೆದೆ. ಆತ ಅಂಗೈ ಎತ್ತಿ ತಡೆದ. ಸರದಿ ಸುತ್ತಿ ಬಂತು.

"ನಾನು ಚನ್ನಬಸಪ್ಪ. ಬ್ಯಾಡಗಿಯಂವ. ನಾ ಕುಡಿಯೋದು ಊರಿಗೇ ಗೊತ್ತಾಗೇತಿ. ಹಿಂಗಾಗಿ ಮುಚ್ಚಿಕೊಳ್ಳಾಕ ಏನೂ ಉಳದಿಲ್ಲ. ಇವತ್ತ ಕುಡದಿಲ್ಲ. ನಿನ್ನೆ ಕುಡದಿದ್ದೆ."

"ಇವತ್ತಿಂದಷ್ಟ ಸಾಕು" ಎಂದರು ಮೌಲಾಸಾಬ. ಮುಂದಿನವರ ಕಡೆ ತಿರುಗಿದರು.

ಮುಂದೆ ಆತ ಎರಡು ಸಲ ಜಾರಿದ, ಎರಡು ಸಲವೂ ಬಂದ. ತಕ್ಕಡಿ ಮತ್ತೆ ಕೈಗೆ ಬರಲು ಒಂದೂವರೆ ವರ್ಷ ಹಿಡಿಯಿತು. ನನ್ನೊಂದಿಗೆ ಮಾತಾಡಲು ಅದಕ್ಕಿಂತ ಸ್ವಲ್ಪ ಕಡಿಮೆ ಹಿಡಿಯಿತು. ಆದರೆ ಅವೆಲ್ಲ ಆ ದಿನ ನಮಗ್ಯಾರಿಗೂ ಗೊತ್ತಿರಲಿಲ್ಲ. ಸಭೆ ಮುಗಿದು ಹೊರಗೆ ಬಂದಾಗ ಶಾಂತವ್ವ ಸೆರಗಿನ ಗಂಟು ಬಿಚ್ಚಿ ಕೀಲಿಯನ್ನು ಗಂಡನ ಮುಂದೆ ಹಿಡಿದಳು.

ಚನ್ನಬಸಪ್ಪ ಅದನ್ನು ತೆಗೆದುಕೊಳ್ಳಲಿಲ್ಲ.

"ನಿನ್ನ ಕಡೇನ ಇರ್ಲಿ" ಎಂದ. "ಕೂಡೇ ಹೋಗೂದೈತೆಲ್ಲ."